ಐದು ನಿಮಿಷದ ಕೆಲಸ

ಗೌತಮ ತೀರಿಕೊಂಡು ವರ್ಷ ತುಂಬಿದ ದಿನ ಅವನ ಹೆತ್ತ ತಾಯಿಯನ್ನೇ ಉಪವಾಸ ಕೆಡವಬೇಕೆಂಬ ಉದ್ದೇಶ ಹಾಲೇಶನಿಗೆ ಖಂಡಿತ ಇರಲಿಲ್ಲ. ಅವನು ಮಾಡಿದ್ದು ಬರೀ ಭಾಗಾಕಾರ.

ಹಾಲೇಶ ರಾಯಚೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಗೌತಮ ದೇವದುರ್ಗದಲ್ಲಿ ಹೈಸ್ಕೂಲ್ ಮಾಸ್ತರನಾಗಿದ್ದ. ಓದುವಾಗಿನಿಂದ ಇಬ್ಬರೂ ಒಂದೇ ತಾಟಿನಲ್ಲಿ ಉಂಡವರು. ಹೋದ ವರ್ಷ ಗೌತಮನ ಬೈಕಿಗೆ ಲಾರಿ ಬಡಿಯಿತು. ಜೇಬಿನಲ್ಲಿದ್ದ ಫೋನೂ ಅವನ ಜೊತೆಗೇ ಹೋಯಿತು. ಅವನ ದನಿ ಉಳಿದದ್ದು ಒಂದೇ ಕಡೆ, ಅವನ ಮನೆಯ ಮೂಲೆಯಲ್ಲಿ ದುಪ್ಪಟಿ ಹೊದ್ದು ಕೂತ ಹಳೆಯ ಕಂಪ್ಯೂಟರಿನಲ್ಲಿ. ಎಂದೋ ಹೊಸ ಮೈಕು ತಂದ ಹುರುಪಿನಲ್ಲಿ ಏನೇನೋ ಮಾತಾಡಿ ತುಂಬಿಟ್ಟಿದ್ದ.

ಬೆಳಗಿನ ಬುದ್ಧವಂದನೆ ಮುಗಿದಿತ್ತು. ಫೋಟೋದ ಮುಂದೆ ಮೇಣದಬತ್ತಿ ಉರಿಯುತ್ತಿತ್ತು.

"ನನ್ನ ಮಗನ ದನಿ ಕೇಳಿದ ಮ್ಯಾಲೇ ನಾ ಅನ್ನ ಮುಟ್ಟಾಕಿ," ಎಂದಳು ತಾಯಿ ಗೋಪಮ್ಮ. ಆಕೆ ಉಣ್ಣದೆ ಸೊಸೆ ಮೌನೇಶ್ವರಿ ಉಣ್ಣುವಂತಿಲ್ಲ. ಅವರಿಬ್ಬರೂ ಉಣ್ಣದೆ ಬಂದವರಾರೂ ಕೈ ತೊಳೆಯುವಂತಿಲ್ಲ.

"ಐದು ನಿಮಿಷ, ಯವ್ವಾ," ಎಂದ ಹಾಲೇಶ. "ಮೊದ್ಲು ಎಲ್ಲಾ ಈ ಹೊಸಾ ಡಿಸ್ಕಿಗೆ ಇಳಿಸಿಬಿಡ್ತೀನಿ. ಒಟ್ಟು ನಲವತ್ತು ಜೀಬಿ ಅದ. ಒಳಗಿನ ಪಟ್ಟಿ ವೈರು ಸೆಕೆಂಡಿಗೆ ನೂರಾ ಮೂವತ್ಮೂರು ಎಂಬಿ ಒಯ್ತದ. ಭಾಗಿಸಿದ್ರ ಕರೆಕ್ಟ್ ಐದು ನಿಮಿಷ. ತಂಗೀ, ರೊಟ್ಟಿ ಬಡಿಯಾಕ ಸುರು ಮಾಡವಾ."

ಮೌನೇಶ್ವರಿ ಹಂಚು ಇಟ್ಟಳು. ಹಾಲೇಶನ ಹೆಂಡತಿ ನೇತ್ರಾವತಿ ಸಂಜೆ ಮಾನ್ವಿಯ ತವರಿಗೆ ಹೋಗುವ ಬಸ್ಸನ್ನು ಮನಸ್ಸಿನಲ್ಲೇ ಹತ್ತಿ ಕಿಟಕಿ ಪಕ್ಕ ಕೂತಳು.

ಐದು ನಿಮಿಷ ಕಳೆಯಿತು. ಪರದೆಯ ಮೇಲಿನ ಹಸಿರು ಪಟ್ಟಿ ಬಸುರಿಯ ಹಾಗೆ ನಿಧಾನಕ್ಕೆ ಹೆಜ್ಜೆ ಇಡುತ್ತಿತ್ತು.

ಹಾಲೇಶ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದ. ಒಳಗಿನ ವೈರು ಎಷ್ಟೇ ಓಡಲಿ, ಸರಕು ಹೊರಗೆ ಬರಬೇಕಾದದ್ದು ಯುಎಸ್‌ಬಿ ಕಿಂಡಿಯಿಂದ. ಆ ಕಿಂಡಿ ಓಬೀರಾಯನ ಕಾಲದ್ದು. ಅದರ ವೇಗ ಬರೀ ಹನ್ನೆರಡು.

"ಸಣ್ಣ ತಿದ್ದುಪಡಿ," ಎಂದ. "ಹನ್ನೆರಡರಿಂದ ಭಾಗಿಸಿದ್ರ ಒಂದು ತಾಸು."

"ಐದು ನಿಮಿಷ ತಾಸಾತು," ಎಂದಳು ನೇತ್ರಾವತಿ. "ಇನ್ನೊಂದ್ ಸಲ ಭಾಗಿಸಬ್ಯಾಡ್ರೀ, ನಿಮ್ಮ ಕಾಲ್ ಬೀಳ್ತೀನಿ."

ತಾಸೂ ಕಳೆಯಿತು. ರೊಟ್ಟಿ ಹಪ್ಪಳವಾದವು. ಗೋಪಮ್ಮ ಗೋಡೆಗೆ ಒರಗಿದಳು. ಆಗ ಹಾಲೇಶನ ಹಣೆಯ ಮೇಲೆ ಬೆವರು ಕಾಣಿಸಿತು. ಆ ಹನ್ನೆರಡು ಬೈಟಿನ ಲೆಕ್ಕವಲ್ಲ, ಬಿಟ್ಟಿನದು. ಎಂಟು ಬಿಟ್ ಕೂಡಿದರೆ ಒಂದು ಬೈಟು. ಹನ್ನೆರಡನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು ಒಂದೂವರೆ. (ಇದೇ ತಪ್ಪಿಗೆ ಅವನು ಪ್ರತಿವರ್ಷ ಹುಡುಗರ ಅಂಕ ಕತ್ತರಿಸುತ್ತಾನೆ, ಅದೂ ಕೆಂಪು ಶಾಯಿಯಲ್ಲಿ.)

"ಎಷ್ಟಾತ್ರೀ?" ಎಂದಳು ನೇತ್ರಾವತಿ.

"ಏಳೂವರಿ ತಾಸು. ಅದೂ ಕಾಗದದ ಮ್ಯಾಲೆ."

"ಸೇರಿನ ಲೆಕ್ಕಾನ ಚೀಲದ ಲೆಕ್ಕಾ ಅಂತ ಹೇಳಿದ್ರ ನಮ್ಮ ಮಾನ್ವಿ ಕಾಳಿನ ಅಡತಿ ಅಂಗಡ್ಯಾಗ ನಿಂದ್ರಸಾಂಗಿಲ್ಲ ನಿಮ್ಮನ್ನ!"

"ಬಿಡ್ರಿ ಅಕ್ಕಾ," ಎಂದಳು ಮೌನೇಶ್ವರಿ. "ಅಣ್ಣಾರು ಬೇಕಂತ ಮಾಡ್ಯಾರೇನು?"

ಈ ಮಾತು ಹಾಲೇಶನಿಗೆ ಬೈಗುಳಕ್ಕಿಂತ ಜೋರಾಗಿ ನಾಟಿತು.

ನೇತ್ರಾವತಿ ಗೋಪಮ್ಮನಿಗೆ ನೀರಾದರೂ ಕುಡಿಸೋಣವೆಂದು ಚರಿಗೆ ತಂದಳು. ಅದನ್ನು ಇಡಲು ಜಾಗ ಹುಡುಕುತ್ತ, ಕಂಪ್ಯೂಟರಿನ ಪಕ್ಕ ತೆಗೆದಿಟ್ಟಿದ್ದ ದುಪ್ಪಟಿ ಸರಿಸಿದರೆ ಕೆಳಗೆ ಎರಡು ಕರಿಯ ಸ್ಪೀಕರು ಕೂತಿದ್ದವು. ಅವುಗಳ ವೈರು ಕಂಪ್ಯೂಟರಿಗೇ ಹೋಗಿತ್ತು.

"ರೀ, ಇದ್ರಾಗೇ ಹಚ್ಚಿದ್ರ ಕೇಳ್ಸಾಂಗಿಲ್ಲೇನು?"

ಹಾಲೇಶ ಸ್ಪೀಕರುಗಳನ್ನು ನೋಡಿದ. "ನಕಲು ಇನ್ನೂ ನಿಧಾನ ಆಗ್ತದ," ಎಂದ.

"ಆಗ್ಲಿ."

"ಹಳೇ ಡಿಸ್ಕು. ಏನರೆ ಆದ್ರ?"

"ಮುಂಜಾನಿಂದ ಅದನ್ನ ದುಡಿಸಾಕತ್ತೀರಲ್ಲ, ಆಗೇನೂ ಆಗಿಲ್ಲ." ನೇತ್ರಾವತಿ ಗಂಡನ ಮುಖ ನೋಡಿದಳು. ದನಿ ಇಳಿಸಿದಳು. "ಕೇಳಾಕ ಅಂಜಿಕಿ ಬರ್ತದೇನ್ರೀ?"

ಹಾಲೇಶ ಮೌಸನ್ನು ಸುಮ್ಮನೆ ಆಚೀಚೆ ಸರಿಸಿದ. ಲೆಕ್ಕ ಮುಗಿಯುವ ತನಕ ಗೌತಮ ಒಳಗೆಲ್ಲೋ ಮಾತು ತಡೆದು ಕೂತಿದ್ದಾನೆ ಅನಿಸುತ್ತಿತ್ತು. ಕೇಳಿಸಿಬಿಟ್ಟರೆ ಅಷ್ಟೇ, ಆಮೇಲೆ ಕಾಯುವುದಕ್ಕೇನೂ ಉಳಿಯುವುದಿಲ್ಲ.

ಗೋಪಮ್ಮ ಕಣ್ಣು ತೆರೆದಳು. "ಯಪ್ಪಾ ಹಾಲೇಶ, ಬಂದನೇನೋ ನನ್ನ ಮಗ?"

ಹಾಲೇಶ ಮೊದಲು ಕಣ್ಣಿಗೆ ಬಿದ್ದ ಫೈಲನ್ನು ಒತ್ತಿದ.

ಗರಗರ ಸದ್ದು. ಯಾರೋ ಮೈಕು ಬಡಿದರು. ಆಮೇಲೆ ಗೌತಮ, ನಿನ್ನೆ ಮಾತಾಡಿದವನಂತೆ:

"ಹಲೋ, ಹಲೋ. ಮೌನಾ, ಇಲ್ಲಿ ಬಾ, ರೆಕಾರ್ಡ್ ಆಗಾಕತ್ತದ. ಹಾಲೇಶನ ಫೋನ್ ಬಂದಿತ್ತು. ಐದು ನಿಮಿಷದಾಗ ಬರ್ತೀನಿ ಅಂದಾನ. ಈಗೇ ರೊಟ್ಟಿ ಬಡೀಬ್ಯಾಡ. ಯವ್ವಾ, ನೀ ಮಾತ್ರ ಉಂಡ್ಬಿಡು. ಆ ಮಗನ್ನ ಕಾಯ್ಕೋತ ಕುಂತ್ರ ಸತ್ತೇ ಹೋಗ್ತೀವಿ."

ಮೊದಲು ನಕ್ಕವಳು ಮೌನೇಶ್ವರಿ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ನೇತ್ರಾವತಿ, ಆಮೇಲೆ ಎಲ್ಲರೂ. ವರ್ಷದಿಂದ ಆ ಪಡಸಾಲೆ ಅಂಥ ಸದ್ದು ಕೇಳಿರಲಿಲ್ಲ. ಗೋಪಮ್ಮ ಕಣ್ಣೊರೆಸಿಕೊಂಡು ತಾಟು ಹತ್ತಿರ ಎಳೆದುಕೊಂಡಳು. "ಉಣ್ಣು ಅಂದಾನ, ಉಣ್ತೀನಿ," ಎಂದು ಸೆಟೆದ ರೊಟ್ಟಿಯನ್ನು ಪಟ್ಟನೆ ಮುರಿದಳು.

"ಅಣ್ಣಾರ, ಇನ್ನೊಂದ್ ಸಲ ಹಚ್ರಿ," ಎಂದಳು ಮೌನೇಶ್ವರಿ.

ಹಾಲೇಶನಿಗೆ ಪರದೆ ಮಸುಕು ಮಸುಕಾಗಿತ್ತು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಒರೆಸಿದ.

"ತಡಿಯವಾ," ಎಂದ. "ಒಂದು ಐದು ನಿಮಿಷ."