ಹೆಣ್ಣುಮಕ್ಕಳಿಗೆ ಏಜೆನ್ಸಿ ಮಂಜೂರಾದ ಬಗೆ

ಪುಣೆಯ ಮುಳಾ-ಮುಠಾ ಕನ್ನಡ ಸ್ನೇಹ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಟ್ಟು ಇನ್ನೂರ ನಾಲ್ಕು ಸದಸ್ಯರಿದ್ದು, ಅವರ ಪೈಕಿ ಮೂವತ್ತೊಂದು ಮಂದಿ ಮಹಿಳೆಯರು ಎಂಬುದು ದಾಖಲೆಯಲ್ಲಿರುವ ಸಂಗತಿ. ದಾಖಲೆ ಇಡುವವನು ನಾನೇ, ಜಂಟಿ ಕಾರ್ಯದರ್ಶಿ ಮಾರ್ತಾಂಡ. ಗುಂಪಿನಲ್ಲಿ ಮಹಿಳೆಯರಿಗೆ ಸಂಪೂರ್ಣ ಸ್ವಾತಂತ್ರ್ಯವಿದೆ. ಬೆಳಗಿನ ಶುಭೋದಯಕ್ಕೆ ಕೈ ಮುಗಿಯಬಹುದು, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಬಹುದು, ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆಂದು ಕೇಳಿದವರಿಗೆ ಹೇಳಬಹುದು. ಇದಕ್ಕಿಂತ ಹೆಚ್ಚಿನದನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಆದ್ದರಿಂದ ನಾವೂ ಕೊಟ್ಟಿರಲಿಲ್ಲ.

ಹೀಗಿರುವಾಗ ಕಳೆದ ಜೂನ್ ತಿಂಗಳ ಒಂದು ಸೋಮವಾರ, ಮಗರಪಟ್ಟಾದ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಮೈಸೂರು ಕಡೆಯ ಸಿಂಧೂರ ಎಂಬ ಸದಸ್ಯೆ ಗುಂಪಿನಲ್ಲಿ ಹೀಗೆ ಬರೆದರು: "ಎಲ್ರಿಗೂ ನಮಸ್ಕಾರ. ಪುಣೆಯಲ್ಲಿ ಕನ್ನಡ ಮಾತಾಡೋ ಕೌನ್ಸೆಲರ್ ಯಾರಾದ್ರೂ ಗೊತ್ತಾ? ನಂಬರ್ ಇದ್ರೆ ಕೊಡಿ. ನನಗೇ ಬೇಕಿತ್ತು."

ಒಂದು ಫೋನ್ ನಂಬರಿಗೆ ಸಂಜೆಯೊಳಗೆ ನೂರಾ ಹದಿನೆಂಟು ಉತ್ತರಗಳು ಬಂದವು. ನಮ್ಮ ಗುಂಪಿನ ಉತ್ಸಾಹದ ಬಗ್ಗೆ ನನಗೆ ಮೊದಲಿನಿಂದಲೂ ಹೆಮ್ಮೆ. ಅವುಗಳಲ್ಲಿ ಫೋನ್ ನಂಬರ್ ಒಂದು ಇರಲಿಲ್ಲ, ಅಷ್ಟೇ. ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯಿರಿ ಎಂದು ಆರು ಜನ ಹೇಳಿದರು. ಮದುವೆ ಆಗಿದೆಯೇ ಎಂದು ಒಬ್ಬರು ಕೇಳಿದರು. ಆಕೆ ಉತ್ತರಿಸುವ ಮೊದಲೇ, ಆಗಿದ್ದರೆ ಅದೇ ಕಾರಣ, ಆಗಿರದಿದ್ದರೂ ಅದೇ ಕಾರಣ ಎಂದು ಇನ್ನೊಬ್ಬರು ತೀರ್ಮಾನ ಕೊಟ್ಟರು. ನಮ್ಮ ಖಜಾಂಚಿ ಪಂಢರಿನಾಥರು ತಮ್ಮ ಕಾಲದಲ್ಲಿ ಇಂಥ ಕಾಯಿಲೆ ಬರುತ್ತಿರಲಿಲ್ಲ, ಬಂದರೂ ಅದಕ್ಕೆ ಪುರುಸೊತ್ತು ಇರುತ್ತಿರಲಿಲ್ಲ ಎಂದು ಹದಿನೇಳು ನಿಮಿಷದ ಧ್ವನಿಸಂದೇಶ ಕಳಿಸಿದರು.

ಆಗ ಅಶ್ವಿನ್ ಮಧ್ಯೆ ಬಂದರು. ಇವರೂ ಮಗರಪಟ್ಟಾದವರೇ, ವಿಚಾರವಂತ ಹುಡುಗ. "ಗಾಯ್ಸ್, ಇದು ಅವರ ಮೆಂಟಲ್ ಹೆಲ್ತ್ ವಿಷಯ. ಅವರ ಏಜೆನ್ಸಿನ, ಅಂದ್ರೆ ತಮ್ಮ ನಿರ್ಧಾರ ತಾವೇ ತಗೊಳ್ಳೋ ಹಕ್ಕನ್ನ, ನಾವು ರೆಸ್ಪೆಕ್ಟ್ ಮಾಡ್ಬೇಕು. ಇಲ್ಲಿ ಪವರ್ ಇಂಬ್ಯಾಲೆನ್ಸ್ ಇದೆ" ಎಂದು ಬರೆದು, ಅದನ್ನು ನಲವತ್ತು ಸಂದೇಶಗಳಲ್ಲಿ ವಿವರಿಸಿದರು. ಸಾಕು ಬಿಡಿ ಎಂದು ಸಿಂಧೂರ ಕೇಳಿಕೊಂಡಾಗ, ಸಾಕು ಅನ್ನಿಸುವುದೂ ಆ ಇಂಬ್ಯಾಲೆನ್ಸಿನ ಲಕ್ಷಣವೇ ಎಂದು ಇನ್ನೂ ಹನ್ನೆರಡು ಬರೆದರು.

ನಮ್ಮ ಅಧ್ಯಕ್ಷರಾದ ಮುರುಗೆಪ್ಪನವರು ಧನಕವಡಿಯಲ್ಲಿ ಇಪ್ಪತ್ತಾರು ವರ್ಷದಿಂದ ನೀರೆತ್ತುವ ಪಂಪುಗಳ ಏಜೆನ್ಸಿ ನಡೆಸುತ್ತ ಬಂದವರು. ಅವರು ಕೂಡಲೇ ನನಗೆ ಫೋನ್ ಹಚ್ಚಿದರು.

"ಮಾರ್ತಾಂಡ್ರ, ಆ ಹುಡುಗಿ ಕಡೆ ಯಾವ ಏಜೆನ್ಸಿ ಅದ?"

ಹೆಣ್ಣುಮಕ್ಕಳ ಏಜೆನ್ಸಿ ಅಂತ ಕಾಣುತ್ತದೆ ಎಂದೆ. ಧನಕವಡಿ ಏರಿಯಾಕ್ಕೆ ಅದನ್ನು ಇನ್ನೂ ಯಾರೂ ತೆಗೆದುಕೊಂಡಿಲ್ಲವಲ್ಲ ಎಂದು ಅವರು ಖಾತ್ರಿ ಮಾಡಿಕೊಂಡರು. ಅಧ್ಯಕ್ಷರನ್ನು ತಿದ್ದುವ ಅಧಿಕಾರ ಜಂಟಿ ಕಾರ್ಯದರ್ಶಿಗೆ ಇಲ್ಲ. ಪವರ್ ಇಂಬ್ಯಾಲೆನ್ಸ್ ಮಾತ್ರ ಅವರಿಗೆ ಹೇಳಿಕೊಡಬೇಕಾಗಲಿಲ್ಲ. ಕರೆಂಟಿನ ಒಂದು ಫೇಸ್ ಕಮ್ಮಿ ಬಂದರೆ ಮೋಟಾರು ಸುಡುತ್ತದೆ, ಮೂರೂ ಫೇಸ್ ಸಮ ಇರಬೇಕು ಎಂದರು. ಅಲ್ಲಿಯವರೆಗೆ ಅವರೊಬ್ಬರೇ ಗುಂಪಿನ ಅಡ್ಮಿನ್ ಆಗಿದ್ದರು. ಅಂದೇ ಪಂಢರಿನಾಥರನ್ನೂ ನನ್ನನ್ನೂ ಅಡ್ಮಿನ್ ಮಾಡಿದ್ದರಿಂದ ಅಧಿಕಾರದ ಅಸಮತೋಲನ ರಾತ್ರಿಯೊಳಗೆ ನಿವಾರಣೆಯಾಯಿತು.

ಬುಧವಾರ ಸಿಂಧೂರ "ನಾನು ಈ ಗ್ರೂಪಿಂದ ಹೋಗ್ತೀನಿ" ಎಂದು ಬರೆದು ಹೊರಟುಹೋದರು.

ಗುಂಪಿಗೆ ಗರ ಬಡಿದಂತಾಯಿತು. ಹೋಗ್ತೀನಿ ಅಂದರೇನು? ನಮ್ಮಲ್ಲಿ ಹಾಲು ತರಲು ಕೆಳಗಿಳಿಯುವವರೂ ಹೋಗಿ ಬರ್ತೀನಿ ಅನ್ನುತ್ತಾರೆ. ಬರೀ ಹೋಗ್ತೀನಿ ಎನ್ನುವವರು ಎಲ್ಲಿಗೆ ಹೋಗುತ್ತಾರೆ? ಬಿಡ್ತು ಅನ್ರಿ, ಬಿಡ್ತು ಅನ್ರಿ ಎಂದು ಪಂಢರಿನಾಥರು ಗಾಬರಿಯಾದರು. ಹನ್ನೊಂದು ನಿಮಿಷದೊಳಗೆ ಏಳು ಜನ ಗಂಡಸರ ಮಾನಸಿಕ ಆರೋಗ್ಯ ಉಪಸಮಿತಿ ರಚನೆಯಾಗಿ, ಸದರಿ ಸದಸ್ಯೆಯ ಮನಸ್ಸು ನೆಟ್ಟಗಿಲ್ಲವೆಂದು ಸರ್ವಾನುಮತದಿಂದ ಗೊತ್ತುಪಡಿಸಿತು. ಕಾಳಜಿಯಿಂದ ಆಕೆಯನ್ನು ಮತ್ತೆ ಸೇರಿಸಲಾಯಿತು. ಆಕೆ ಮತ್ತೆ ಹೋದರು. ಮರುದಿನ ಇನ್ನೂ ಹೆಚ್ಚಿನ ಕಾಳಜಿಯಿಂದ ಮತ್ತೆ ಸೇರಿಸಲಾಯಿತು.

ಆಗ ಆಕೆ ನನಗೆ ಫೋನ್ ಮಾಡಿದರು. "ಸರ್, ನಾನು ಕೇಳಿದ್ದು ಒಂದು ನಂಬರ್. ಈಗ ಆಫೀಸಲ್ಲಿ ಕೂತ್ರೂ ನನ್ನ ತಲೆ ಬಗ್ಗೆ ಇನ್ನೂರು ಜನ ಮಾತಾಡ್ತಿರೋದೇ ಕಾಣ್ಸುತ್ತೆ. ದಯವಿಟ್ಟು ನನ್ನ ಬಿಟ್ಬಿಡಿ."

ನನಗೆ ಕರುಳು ಚುರ್ ಅಂದಿತು. ಆದರೆ ನಡಾವಳಿ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ. ಲಿಖಿತ ಅರ್ಜಿ ಕೊಡಮ್ಮ ಎಂದೆ.

ಅರ್ಜಿ ಬರುವುದರೊಳಗೆ ನಿಯಮ ಇರಬೇಕಲ್ಲ. ಮುರುಗೆಪ್ಪನವರ ಪಂಪಿನ ಏಜೆನ್ಸಿಯ ಕರಾರುಪತ್ರವನ್ನು ಮುಂದಿಟ್ಟುಕೊಂಡು ನಾನೇ ಕರಡು ತಯಾರಿಸಿದೆ. ಚೆನ್ನಾಗಿಯೇ ಬಂತು, ನಾನೇ ಹೇಳಿಕೊಳ್ಳಬಾರದು.

"ಪ್ರಕಟಣೆ: ಮಹಿಳಾ ಸದಸ್ಯರಿಗೆ ತಮ್ಮ ನಿರ್ಧಾರವನ್ನು ತಾವೇ ಕೈಗೊಳ್ಳುವ ಏಜೆನ್ಸಿಯನ್ನು ಈ ಮೂಲಕ ಮಂಜೂರು ಮಾಡಲಾಗಿದೆ. ಏಜೆನ್ಸಿಯು ಮಹಿಳೆಯ ಹೆಸರಿನಲ್ಲಿದ್ದು, ವ್ಯವಹಾರವನ್ನು ಪತಿ, ತಂದೆ ಅಥವಾ ಶ್ರೀ ಅಶ್ವಿನ್ ಇವರು ನೋಡಿಕೊಳ್ಳತಕ್ಕದ್ದು. ಪ್ರತಿ ವರ್ಷ ಮಾರ್ಚ್ ಅಂತ್ಯದೊಳಗೆ ನವೀಕರಿಸತಕ್ಕದ್ದು. ಗುಂಪಿನಿಂದ ಹೋಗಲಿಚ್ಛಿಸುವವರು ಮೂರು ತಿಂಗಳ ಮುಂಗಡ ನೋಟೀಸು ಹಾಗೂ ಮನಸ್ಸು ಸ್ವಸ್ಥವಾಗಿದೆ ಎಂಬ ಪ್ರಮಾಣಪತ್ರ ಸಲ್ಲಿಸತಕ್ಕದ್ದು. ಮನಸ್ಸು ಸ್ವಸ್ಥವಿರುವವರಿಗೆ ಗುಂಪು ಬಿಡಲು ಕಾರಣವೇ ಇಲ್ಲವಾದ್ದರಿಂದ ಅಂಥ ಅರ್ಜಿಗಳನ್ನು ತಿರಸ್ಕರಿಸಲಾಗುವುದು."

ಚಪ್ಪಾಳೆಯ ಚಿತ್ರಗಳು ಸುರಿದವು. ಇದು ಐತಿಹಾಸಿಕ ಹೆಜ್ಜೆ ಎಂದು ಅಶ್ವಿನ್ ಬರೆದರು. ತಮ್ಮ ಹೆಸರು ಅದರಲ್ಲಿ ಬಂದದ್ದಕ್ಕೆ ಅವರಿಗೆ ಸ್ವಲ್ಪ ಸಂಕೋಚವೂ ಆಯಿತಂತೆ.

ನನ್ನ ಹೆಂಡತಿ ರೇಣು ಮೆಂತೆಪಲ್ಲೆಯ ಎಲೆ ಬಿಡಿಸಿ ಸೋಸುತ್ತ ಕೂತಿದ್ದವಳು ತನ್ನ ಫೋನಿನಲ್ಲಿ ಅದನ್ನು ಎರಡು ಸಲ ಓದಿದಳು. ತನಗೂ ಏಜೆನ್ಸಿ ಸಿಕ್ಕಿತೇನು ಎಂದು ಕೇಳಿದಳು. ಸಿಕ್ಕಿದೆ, ನನ್ನ ಹತ್ತಿರ ಭದ್ರವಾಗಿದೆ ಎಂದೆ. ಅವಳು ಪಲ್ಲೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಯಾರಿಗೋ ಫೋನ್ ಮಾಡಿದಳು. ನನಗೆ ಕೇಳಿಸಿದ್ದು ಇಷ್ಟು: "ತಂಗಿ, ಹೋಗ್ತೀನಿ ಅನಬಾರದವಾ. ಹೋಗಿ ಬರ್ತೀನಿ ಅನಬೇಕು."

ಶನಿವಾರ ಬೆಳಿಗ್ಗೆ ಸಿಂಧೂರ "ಹೋಗಿ ಬರ್ತೀನಿ" ಎಂದು ಬರೆದು ಹೊರಟರು.

ಯಾರಿಗೂ ಏನೂ ಅನ್ನಿಸಲಿಲ್ಲ. ನಿಯಮ ಇರುವುದು ಹೋಗುವವರಿಗೆ, ಇವರು ಬರುವವರು. ಬರ್ತೀನಿ ಅಂದಾಳಲ್ಲ, ಬರ್ತಾಳ ಬಿಡ್ರಿ ಎಂದರು ಮುರುಗೆಪ್ಪನವರು. ಉಪಸಮಿತಿಯು ಸಂದೇಶವನ್ನು ಪರಿಶೀಲಿಸಿ, ಸದರಿ ಸದಸ್ಯೆ ಸಂಪೂರ್ಣ ಗುಣಮುಖರಾಗಿದ್ದಾರೆಂದು ಘೋಷಿಸಿ, ತನ್ನನ್ನು ತಾನು ಅಭಿನಂದಿಸಿಕೊಂಡಿತು. ಸಂಜೆ ರೇಣು ಹೋಗಿ ಬರ್ತೀನ್ರಿ ಎಂದು ಬರೆದು ಹೋದಳು. ಭಾನುವಾರ ಒಂಬತ್ತು ಜನ. ಮುಂದಿನ ವಾರದೊಳಗೆ ಮೂವತ್ತೊಂದು ಮಂದಿಯೂ ಒಬ್ಬೊಬ್ಬರಾಗಿ, ಬಹಳ ಮರ್ಯಾದೆಯಿಂದ, ಹೋಗಿ ಬರಲು ಹೋದರು.

ಆಮೇಲೆ ಚರ್ಚೆಯ ಮಟ್ಟ ನಿಜಕ್ಕೂ ಸುಧಾರಿಸಿದೆ. ನಡುವೆ ಬಾಯಿ ಹಾಕುವವರಿಲ್ಲ. ಸದ್ಯದ ವಿಷಯ, ಆನ್‌ಲೈನ್ ಚರ್ಚೆಗಳಲ್ಲಿ ಮಹಿಳೆಯರು ಏಕೆ ಮಾತಾಡುವುದಿಲ್ಲ ಎಂಬುದು. ಅಶ್ವಿನ್ ಅವರದು ಅರವತ್ತನೆಯ ಸಂದೇಶ ನಡೆದಿದೆ.

ಇತ್ತ ಮನೆಯಲ್ಲಿ ರೇಣು ಫೋನ್ ನೋಡುತ್ತ ಒಬ್ಬಳೇ ನಗುತ್ತಿದ್ದಳು. ಏನೆಂದು ಕೇಳಿದೆ. ಬೇರೆ ಗುಂಪು ಎಂದಳು. ಮೂವತ್ತೊಂದು ಜನ, ಗುಂಪಿನ ಹೆಸರು 'ಬಂದ್ವಿ'. ಸಿಂಧೂರಗೆ ನಂಬರ್ ಸಿಕ್ಕಿತಂತೆ, ಒಳ್ಳೆಯ ಕನ್ನಡ ಮಾತಾಡುವ ಡಾಕ್ಟರಮ್ಮನಂತೆ, ಹುಡುಗಿಗೆ ಈಗ ನಿದ್ದೆ ಬರುತ್ತಿದೆಯಂತೆ. ನನಗೆ ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

"ನಿನಗ ಆ ನಂಬರ್ ಹ್ಯಾಂಗ ಗೊತ್ತು?" ಎಂದೆ.

"ನಾ ಅವರ ಕಡೆ ಹೋಗಲಿಕ್ಕ ಹತ್ತಿ ಎರಡು ವರ್ಷ ಆತ್ರಿ. ಗುರುವಾರ ಗುರುವಾರ."

ಗುರುವಾರ ಅವಳು ಭಜನೆಗೆ ಹೋಗುತ್ತಾಳೆಂದು ನಾನು ತಿಳಿದಿದ್ದೆ. ನನಗ ಯಾಕ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನೀವು ಸಮಿತಿ ಮಾಡ್ತಿದ್ರಿ" ಎಂದಳು, ಸಿಟ್ಟಿಲ್ಲದೆ.

ಅಂದು ಗುರುವಾರವೇ ಆಗಿತ್ತು. ಅವಳು ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತು, ಎರಡು ವರ್ಷದಿಂದ ಹೇಳುತ್ತ ಬಂದ ಹಾಗೆಯೇ ಹೋಗಿ ಬರ್ತೀನ್ರಿ ಅಂದಳು. ಹೂಂ ಅಂದೆ. ಆಮೇಲೆ ಕೂತು ಆ ವಾರದ ನಡಾವಳಿ ಬರೆದೆ. ಮಹಿಳಾ ಸದಸ್ಯರು ಮೂವತ್ತೊಂದು, ಎಲ್ಲರೂ ಹಾಜರು ಎಂದು ನಮೂದಿಸಿ ಸಹಿ ಹಾಕಿದೆ.