ವೈರಸ್ ಹತ್ತಿದ ಅಂಗಡಿ

ಯಾರಿಗಾದರೂ ಕಾಯಿಲೆ ಬಂತೆಂದರೆ ನಮ್ಮ ಕಡೆಯ ಜನಕ್ಕೆ ಮೊದಲು ಹುಟ್ಟುವುದು ಕರುಣೆಯಲ್ಲ, ಕುತೂಹಲ. ಎಲ್ಲಿಗೆ ಹೋಗಿದ್ದ, ಏನು ತಿಂದ, ಯಾರ ಜೊತೆ ತಿಂದ ಎಂದೆಲ್ಲ ವಿಚಾರಿಸಿ, ತಪ್ಪನ್ನು ರೋಗಿಯ ತಲೆಗೇ ಕಟ್ಟಿ, ಆಮೇಲೆ ಕಷಾಯ ಹೇಳುತ್ತಾರೆ. ಮನುಷ್ಯರ ವಿಷಯದಲ್ಲಿ ಇದು ನನಗೆ ಗೊತ್ತಿತ್ತು. ಕಂಪ್ಯೂಟರಿಗೂ ಅದೇ ಉಪಚಾರ ಎಂದು ತಿಳಿದದ್ದು ನಾನು ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಡಿಟಿಪಿ ಅಂಗಡಿ ಇಟ್ಟ ಮೇಲೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಅಂಗಡಿಯಲ್ಲಿ ಇದ್ದದ್ದು ಎರಡು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಜೆರಾಕ್ಸ್ ಮೆಷಿನ್ನು. ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು ಎಂಬ ನಿಯಮವಿತ್ತು. ನನ್ನ ಹೆಂಡತಿ ಸರೋಜ ಮಾನಿಟರುಗಳಿಗೆ ಕಸೂತಿ ಹಾಕಿದ ಹೊದಿಕೆ ಹೊಲಿದುಕೊಟ್ಟಿದ್ದಳು. ಇಂಟರ್ನೆಟ್ಟಿಗೆ ಫೋನ್ ಹಚ್ಚಿದರೆ ಅದು ಮೊದಲು ಕುಂಯ್‌ಗುಟ್ಟಿ, ಆಮೇಲೆ ಕೆರೆದು, ಕೊನೆಗೆ ಮನಸ್ಸು ಬಂದರೆ ಸಿಗುತ್ತಿತ್ತು. ಆ ಸದ್ದು ಈಗಲೂ ಕಿವಿಯಲ್ಲಿದೆ. ಈಗಿನ ಇಂಟರ್ನೆಟ್ಟಿಗೆ ದನಿಯೇ ಇಲ್ಲ, ಬಂದದ್ದೂ ಗೊತ್ತಾಗುವುದಿಲ್ಲ. ಟೈಪು ಮಾಡುವುದಕ್ಕೆ ಅಡ್ಡಗದ್ದೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಶೈಲಜ ಇದ್ದಳು. ಅವಳು ಕೀಬೋರ್ಡ್ ಮುಂದೆ ಕೂತರೆ ಅವಲಕ್ಕಿ ಹುರಿದ ಹಾಗೆ ಚಟಚಟ ಸದ್ದು. ನಾನು ಮಾಲೀಕ. ಅಂದರೆ ಫ್ಯಾನ್ ಹಾಕುವುದು, ಆರಿಸುವುದು, ಬಂದವರಿಗೆ ಚಹಾ ತರಿಸುವುದು ನನ್ನ ಕೆಲಸ.

ಮದುವೆಯ ಕಾಲ. ಒಂದು ಬೆಳಿಗ್ಗೆ ಶೈಲಜ ಕಂಪ್ಯೂಟರ್ ಹಚ್ಚಿದವಳೇ, "ಅಣ್ಣಾ, ಇಲ್ಲಿ ಬನ್ನಿ" ಎಂದಳು. ದನಿ ಸರಿಯಿರಲಿಲ್ಲ. ಹೋಗಿ ನೋಡಿದರೆ ಮಾಡಿಟ್ಟಿದ್ದ ಲಗ್ನಪತ್ರಿಕೆ ಒಂದೂ ಇಲ್ಲ. ಜಯಪುರದ ಮದುಮಗಳಿಲ್ಲ, ಶೃಂಗೇರಿಯ ಮದುಮಗನಿಲ್ಲ. ಯಾವ ಫೋಲ್ಡರ್ ತೆರೆದರೂ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್, ಅದನ್ನು ಒತ್ತಿದರೆ ಮತ್ತೊಂದು. ನಾನು ಧೈರ್ಯ ಮಾಡಿ ಪ್ಲಗ್ ಕಿತ್ತು ಮತ್ತೆ ಹಾಕಿದೆ. ನನಗೆ ಗೊತ್ತಿದ್ದ ಚಿಕಿತ್ಸೆ ಅದೊಂದೇ.

ಆಗಲೇ ಬೆಂಚಿನ ಮೇಲೆ ಕೂತಿದ್ದವರು ನಿವೃತ್ತ ಮೇಷ್ಟ್ರು ಶೇಷಪ್ಪನವರು. ಊರಿನ ಯಾವ ಸಭೆಗೂ ಅವರೇ ಕಾರ್ಯದರ್ಶಿ. ಆ ಕಾಲಕ್ಕೆ ಊರಲ್ಲಿ ಪೆನ್ ಡ್ರೈವ್ ಇದ್ದವರು ನಾಲ್ಕಾರು ಮಂದಿ. ಮೇಷ್ಟ್ರು ತಮ್ಮದನ್ನು ದಾರ ಕಟ್ಟಿ ಕೊರಳಿಗೇ ಹಾಕಿಕೊಂಡಿದ್ದರು; ಸಭೆಯ ನೋಟೀಸು ಪ್ರಿಂಟು ಮಾಡಿಸಲು ಅದನ್ನೇ ನಮ್ಮ ಕಂಪ್ಯೂಟರಿಗೆ ಹಾಕಿಸುತ್ತಿದ್ದರು. ಅವರು ಕನ್ನಡಕ ಏರಿಸಿ, "ಇದು ವೈರಸ್ಸು ಮಾರಾಯ. ಇಂಟರ್ನೆಟ್ಟಲ್ಲಿ ನೋಡಬಾರದ್ದೆಲ್ಲ ನೋಡಿದರೆ ಹತ್ತುತ್ತದಂತೆ" ಎಂದರು. ಹೇಳಿ ಶೈಲಜಳ ಕಡೆ ಒಮ್ಮೆ ನೋಡಿದರು. ಅಷ್ಟೇ. ಆ ಮಾತು ಮೇಷ್ಟ್ರ ಜೊತೆಗೇ ಹೋಟೆಲಿಗೆ ಹೋಯಿತು, ಹೋಟೆಲಿನಿಂದ ಬಸ್ಸು ಹತ್ತಿತು, ಶೈಲಜಳಿಗಿಂತ ಮೊದಲೇ ಅಡ್ಡಗದ್ದೆಯಲ್ಲಿ ಇಳಿಯಿತು.

ಮರುದಿನ ಅವಳ ಬದಲಿಗೆ ಬಂದವರು ಅವಳ ಅಪ್ಪ ತಿಮ್ಮಪ್ಪ. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ಅವಳು ಇನ್ನು ಬರೂದಿಲ್ಲ. ಮದುವೆಗೆ ಇರೋ ಹುಡುಗಿ."

"ತಿಮ್ಮಪ್ಪಣ್ಣ, ಅವಳು ಎಂತದೂ ಮಾಡಿಲ್ಲ."

"ನಂಗೆ ಗೊತ್ತುಂಟು. ಊರಿಗೆ ಗೊತ್ತಾಗ್ಬೇಕಲ್ಲ?"

ಪತ್ರಿಕೆ ಹೋದರೆ ಮತ್ತೆ ಟೈಪು ಮಾಡಬಹುದು. ಇದನ್ನು ಯಾವ ಮೆಷಿನ್ನಿನಲ್ಲಿ ಸರಿಮಾಡುವುದು? "ಶಿವಮೊಗ್ಗದಿಂದ ರಿಪೇರಿಯವನು ಬರ್ತಾನೆ. ಕಾರಣ ಏನೂಂತ ನಿಮ್ಮೆದುರೇ ಹೇಳಲಿ. ಆಮೇಲೆ ಕರ್ಕೊಂಡು ಹೋಗಿ" ಎಂದು ಬೇಡಿಕೊಂಡೆ. ಅವರು ಬಹಳ ಹೊತ್ತು ಜೆರಾಕ್ಸ್ ಮೆಷಿನ್ನನ್ನೇ ನೋಡುತ್ತಿದ್ದು, ಆಗಲಿ ಎಂದರು.

ರಿಪೇರಿಯ ಸಂತೋಷ ಬಂದ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ, ಮಗಳು ಒಂದು ಮೂಲೆಯಲ್ಲಿ. ಉಳಿದ ಕಡೆ ಊರು. ಸಂತೋಷ ಏನೇನೋ ಒತ್ತಿದ. ಜಯಪುರದ ಮದುಮಗಳು ಮೊದಲು ಕಾಣಿಸಿಕೊಂಡಳು, ಹಿಂದೆಯೇ ಶೃಂಗೇರಿಯ ಮದುಮಗ. "ಫೈಲು ಹೋಗಿಲ್ಲ ಸರ್, ಅಡಗಿಸಿ ಇಟ್ಟಿತ್ತು. ಇದು ಇಂಟರ್ನೆಟ್ಟಿಂದ ಬಂದದ್ದಲ್ಲ, ಪೆನ್ ಡ್ರೈವಿಂದ ಬಂದಿರೋದು. ಯಾರ್ಯಾರದ್ದು ಹಾಕಿದ್ರಿ?"

ಮೇಷ್ಟ್ರು ಎದ್ದು ನಿಂತು ಕೊರಳಿನಿಂದ ದಾರ ತೆಗೆದರು. "ನನ್ನದನ್ನೇ ಮೊದಲು ನೋಡಪ್ಪ. ನನ್ನಲ್ಲಿ ಮುಚ್ಚುಮರೆ ಇಲ್ಲ."

ಸಂತೋಷ ಅದನ್ನು ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ್ದೇ ತಡ, ವೈರಸ್ ಇದೆ ಎಂದು ಪರದೆ ಕೆಂಪಾಗಿ ಕಿರುಚಿಕೊಂಡಿತು. ಮೇಷ್ಟ್ರ ಹಣೆಯಲ್ಲಿ ಬೆವರು. "ನಾನು... ನಾನು ನೋಡಬಾರದ್ದು ಯಾವುದನ್ನೂ..." ಎಂದು ತೊದಲಿದರು. ಹಿಂದೆ ಯಾರೋ ಕಿಸಕ್ಕೆಂದರು.

ಮಾತಾಡಿದವಳು ಶೈಲಜ. "ನಗಬೇಡಿ. ಮೇಷ್ಟ್ರು ಅಂಥವರಲ್ಲ. ಬೇರೆ ಎಲ್ಲೋ ಕಂಪ್ಯೂಟರಿಗೆ ಹಾಕಿದಾಗ ಹತ್ತಿರ್ತದೆ. ಬಸ್ಸಲ್ಲಿ ಪಕ್ಕದವರ ನೆಗಡಿ ನಮಗೆ ಹತ್ತೂದಿಲ್ವಾ?"

ಮೇಷ್ಟ್ರು ಅವಳನ್ನು ನೋಡಿದರು. ಎರಡು ದಿನದ ಹಿಂದೆ ನೋಡಿದ ಹಾಗಲ್ಲ. ಆಮೇಲೆ ತಿಮ್ಮಪ್ಪನವರ ಎದುರಿಗೆ ಹೋಗಿ, "ನಾನು ಆಡಿದ್ದು ತಪ್ಪು. ಹೋಟೆಲಲ್ಲಿ ಆಡಿದ ಮಾತನ್ನು ಹೋಟೆಲಲ್ಲೇ ವಾಪಸ್ ತಗೊಳ್ತೇನೆ" ಎಂದರು. ಹೇಳಿದ್ದಲ್ಲದೆ ಹೋಗಿ, ದೋಸೆ ತಿನ್ನುತ್ತಿದ್ದವರನ್ನೆಲ್ಲ ನಿಲ್ಲಿಸಿ, ಪಾಠ ಒಪ್ಪಿಸಿದ ಹಾಗೆ ಹೇಳಿ ಬಂದರು. ತಿಮ್ಮಪ್ಪನವರು ಹೊಸ್ತಿಲು ದಾಟುವಾಗ ಮಗಳಿಗೆ, "ಸಂಜೆ ಬಸ್ಸು ತಪ್ಪಿಸ್ಕೊಳ್ಬೇಡ" ಎಂದರು. ಅವಳು ಕಣ್ಣೊರೆಸಿಕೊಂಡು ಕೀಬೋರ್ಡ್ ಎಳೆದುಕೊಂಡಳು. ಆ ಚಟಚಟ ಸದ್ದು ಅಷ್ಟು ಹಿತವಾಗಿ ನನಗೆ ಮತ್ತೆಂದೂ ಕೇಳಿಸಲಿಲ್ಲ.

ಸಂತೋಷ ಹೊರಡುವ ಮೊದಲು ಆಂಟಿವೈರಸ್ ಹಾಕಿದ; ಎಲ್ಲ ಕೆಲಸವನ್ನೂ ಸಿಡಿಗೆ ಇಳಿಸಿಡಿ ಎಂದ. ನೀವು, ಶೈಲಜ ಒಂದೊಂದು ಕಂಪ್ಯೂಟರಿಗೆ ಬೇರೆ ಬೇರೆ ಪಾಸ್‌ವರ್ಡ್ ಇಟ್ಟುಕೊಳ್ಳಿ, ನಾಳೆ ಏನಾದರೂ ಆದರೆ ಒಬ್ಬರ ತಪ್ಪು ಇನ್ನೊಬ್ಬರ ತಲೆಗೆ ಬರುವುದಿಲ್ಲ, ಆದರೆ ಮರೆಯಬೇಡಿ ಎಂದ. ನಾನು ಯಾಕೆ ಮರೆಯುತ್ತೇನೆ? ಸರೋಜಳ ಹುಟ್ಟಿದ ದಿನವನ್ನೇ ಇಟ್ಟೆ. ಇಟ್ಟ ಹೆಮ್ಮೆಗೆ ಮನೆಯಲ್ಲಿ ಹೇಳಿಯೂ ಬಿಟ್ಟೆ. ಅವಳು ಆ ರಾತ್ರಿ ಪಾಯಸ ಮಾಡಿದಳು.

ಮರುದಿನ ಬೆಳಿಗ್ಗೆ ನನ್ನ ಕಂಪ್ಯೂಟರಿನ ಮುಂದೆ ಕೂತರೆ ತಾರೀಕು ಮರೆತೇಹೋಗಿದೆ. ನಾಚಿಕೆ ಬಿಟ್ಟು ಮನೆಗೆ ಫೋನ್ ಮಾಡಿ ಕೇಳಿದೆ. ಅವಳು ತಣ್ಣಗೆ ಹೇಳಿದಳು. ಹಾಕಿದೆ. ಕಂಪ್ಯೂಟರ್ ತೆರೆಯಲಿಲ್ಲ.

"ತೆರೀತಾ ಇಲ್ವಲ್ಲೇ" ಎಂದೆ.

ಸರೋಜ, "ಹಾಗಾದರೆ ನಿನ್ನೆ ನೀವು ಹಾಕಿದ್ದು ಯಾರ ಹುಟ್ಟಿದ ದಿನ?" ಎಂದು ಕೇಳಿ ಫೋನ್ ಇಟ್ಟಳು.

ಹಿಂದಿನ ದಿನ ನಾನು ಅವಳದೆಂದು ನಂಬಿ ಇಟ್ಟ ತಾರೀಕು ಲೋಕದಲ್ಲಿ ಯಾರದ್ದೂ ಅಲ್ಲ. ಯಾವ ಕಳ್ಳನಿಗೂ ಹೊಳೆಯುವಂಥದ್ದಲ್ಲ. ಸಂತೋಷ ಮತ್ತೆ ಶಿವಮೊಗ್ಗದಿಂದ ಬಂದು ಸಂಜೆಯೊಳಗೆ ಕಂಪ್ಯೂಟರ್ ತೆರೆದುಕೊಟ್ಟ. ಮನೆಯಲ್ಲಿ ಮಾತು ತೆರೆಯುವುದಕ್ಕೆ ಮುಂದಿನ ಭಾನುವಾರ ಬರಬೇಕಾಯಿತು.