ಅಪ್ಪಣೆ ಕೇಳದ ಮೊಣಕಾಲು

ಚೌಕಾಸಿ ಕಲಿಯಬೇಕೆನ್ನುವವರಿಗೆ ನಾನು ಕೊಡುವ ಮೊದಲ ಸಲಹೆ ಇದು: ನಮ್ಮ ಅಪ್ಪಣೆಯಿಲ್ಲದೆ ಮೈಯ ಯಾವ ಅಂಗವೂ ಅಲುಗಾಡಬಾರದು. ವಸ್ತು ಎಷ್ಟೇ ಹಿಡಿಸಿದರೂ ಕಣ್ಣು ಅರಳಬಾರದು, ಕೈ ಮುಂದಾಗಬಾರದು. ಮಣಿಕೊಂಡದ ಫ್ಲ್ಯಾಟುಗಳಿಂದ ಊರು ಬಿಡುವವರ ಮಂಚ, ಕಪಾಟುಗಳನ್ನು ಕೊಂಡು ಮಿಯಾಪುರದಲ್ಲಿ ಮಾರಿ ನಾನು ಸ್ವಂತ ಮನೆ ಕಟ್ಟಿಸಿದ್ದು ಈ ಶಿಸ್ತಿನಿಂದಲೇ. ಅದೇ ಶಿಸ್ತು ಕಳೆದ ತಿಂಗಳು ನನ್ನ ಕಾಲಿಗೇ ಅಡ್ಡ ಬಂತು.

ಕೂಲಿಯವರು ತಡಮಾಡಿದರೆಂದು ಕಪಾಟೊಂದನ್ನು ನಾನೇ ಎತ್ತಲು ಹೋದೆ. ಸೊಂಟ ಹಿಡಿಯಿತು, ಬಲಗಾಲಿಗೆ ಜೋಮು ಹತ್ತಿತು. ಹೆಂಡತಿ ನನ್ನನ್ನು ಕಾಚಿಗೂಡದಲ್ಲಿರುವ ರಾಯಚೂರು ಕಡೆಯ ಡಾಕ್ಟರಮ್ಮನ ಬಳಿ ಎಳೆದೊಯ್ದು, ನನ್ನ ವ್ಯಾಪಾರದಿಂದ ಹಿಡಿದು ಕಪಾಟಿನವರೆಗೆ ಎಲ್ಲ ವರದಿ ಒಪ್ಪಿಸಿದಳು. ಅವರು ನನ್ನನ್ನು ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರಿಸಿ, ರಬ್ಬರಿನ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ಬಡಿದರು. ಎಡಗಾಲು ತುಸು ಅಲುಗಿತು. ಬಲಗಾಲು ಕಲ್ಲು. ಮತ್ತೆ ಬಡಿದರು. ಕಲ್ಲೇ.

"ನರಾ ಸತ್ತಾವೇನ್ರಿ ಅಕ್ಕಾರ? ಆಪರೇಷನ್ ಮಾಡಬೇಕೇನ್ರಿ?" ಎಂದಳು ಹೆಂಡತಿ. ಅವಳ ದನಿ ಕೇಳಿ ನನಗೂ ಬೆವರೊಡೆಯಿತು.

"ತಡೀರಿ. ನರ ಅಲ್ಲ, ಇವರ ತಲಿ ಮ್ಯಾಲ ನನಗ ಸಂಶಯ," ಎಂದರು ಡಾಕ್ಟರಮ್ಮ. ಸುತ್ತಿಗೆಯ ಪೆಟ್ಟಿನ ಸುದ್ದಿ ಬೆನ್ನುಹುರಿಗೆ ಹೋಗಿ, ಅಲ್ಲಿಂದಲೇ ತೊಡೆಗೆ ಹುಕುಂ ಬರುತ್ತದಂತೆ. ಮಿದುಳಿನವರೆಗೆ ಕಡತ ಏರಬೇಕಾಗಿಲ್ಲ. ಆದರೆ ಮಿದುಳು ಮೇಲಿಂದ ಬಿಗಿಹಿಡಿದರೆ ಕೆಳಗಿನವರು ಸುಮ್ಮನಾಗುತ್ತಾರೆ. "ಕಾಲು ಸಡ್ಲ ಬಿಡ್ರಿ."

ಬಿಟ್ಟೆ ಎಂದೆ.

"ಬಿಟ್ಟಿಲ್ರಿ. ಎರಡೂ ಕೈ ಬೆರಳು ಕೊಕ್ಕಿ ಹಾಕಿ ಜಗ್ರಿ."

ಜಗ್ಗಿದೆ. ಕಣ್ಣು ಮಾತ್ರ ಸುತ್ತಿಗೆಯ ಮೇಲೇ ಇತ್ತು.

"ಅದಿರ್ಲಿ," ಎಂದರು ಅವರು, "ನಮ್ಮನ್ಯಾಗ ಒಂದು ಸಾಗವಾನಿ ಸೋಫಾ ಐತಿ. ಇಪ್ಪತ್ತು ಸಾವಿರ ಬರತೈತೇನ್ರಿ?"

"ಹಳೇ ಸಾಗವಾನಿ ಈಗ ಯಾರು ಕೇಳ್ತಾರ್ರೀ? ಎಂಟು."

"ಹದಿನೈದಾದ್ರೂ ಕೊಡ್ರಿ."

"ಹತ್ತು. ಗಾಡಿ ನಂದ."

"ಆತು ಬಿಡ್ರಿ, ಹತ್ತು," ಎನ್ನುತ್ತಾ ಅವರು ಸುತ್ತಿಗೆ ಬೀಸಿದ್ದು ನನಗೆ ಗೊತ್ತೇ ಆಗಲಿಲ್ಲ. ಬಲಗಾಲು ಚಿಮ್ಮಿ ಮುಂದಿದ್ದ ಸ್ಟೂಲನ್ನು ಗೋಡೆಗೆ ಅಟ್ಟಿತು.

ನರ ಗಟ್ಟಿಯಾಗಿತ್ತು. ಸೊಂಟದ ಉಳುಕು, ಒಂದು ವಾರ ಭಾರ ಎತ್ತಬಾರದು, ಅಷ್ಟೇ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಎದೆಯುಬ್ಬಿಸಿ ಹೊರಬಂದು, ಸರದಿಯಲ್ಲಿ ಕುಳಿತಿದ್ದವರಿಗೆಲ್ಲ ಮೊಣಕಾಲು ಚಿಮ್ಮಿಸುವ ಉಪಾಯ ಹೇಳಿಕೊಟ್ಟೆ. ಆಮೇಲೆ ನೆನಪಾಗಿ ಬಾಗಿಲಲ್ಲಿ ಇಣುಕಿದೆ: "ಸೋಫಾಕ್ಕ ಗಾಡಿ ಯಾವಾಗ ಕಳಿಸ್ಲಿರಿ?"

"ಯಾವ ಸೋಫಾರೀ? ನಾವು ಗಾದಿ ಮ್ಯಾಲ ಕೂಡೋ ಮಂದಿ."

ಮೆಟ್ರೋದಲ್ಲಿ ಮಿಯಾಪುರ ಬರುವವರೆಗೂ ಹೆಂಡತಿ ನಕ್ಕಳು. ನಗಲಿ. ಇಲ್ಲದ ಸೋಫಾವೇ ಇರಬಹುದು, ಅರ್ಧ ಬೆಲೆಗೆ ಇಳಿಸಿದ್ದಂತೂ ನಾನೇ.